ಸೆಕೆ ಬೇರೆ, ಝಳ ಬೇರೆ: ಕಲಬುರಗಿಯ ಮನೆಯನ್ನು ಬೇಸಿಗೆಗೆ ಅಣಿಗೊಳಿಸುವುದು

ಪ್ರಶ್ನೆ: ನಾವು ಮಂಗಳೂರಿನ ಕಡೆಯವರು. ಕಳೆದ ಮಳೆಗಾಲದಲ್ಲಿ ನನಗೆ ಕಲಬುರಗಿಗೆ ವರ್ಗವಾಯಿತು. ಎರಡು ಅಂತಸ್ತಿನ ಮನೆಯ ಮೇಲಿನ ಅಂತಸ್ತಿನಲ್ಲಿ ಬಾಡಿಗೆಗೆ ಇದ್ದೇವೆ. ನಮ್ಮ ತಲೆಯ ಮೇಲೆ ಬರಿಯ ಕಾಂಕ್ರೀಟ್ ತಾರಸಿ. ಇಲ್ಲಿ ಇದು ನಮ್ಮ ಮೊದಲ ಬೇಸಿಗೆ. ಮನೆಯಲ್ಲಿ 72 ವರ್ಷದ ಅತ್ತೆ ಮತ್ತು 4 ವರ್ಷದ ಮಗಳಿದ್ದಾರೆ. ಯುಗಾದಿಗೆ ಹೇಗೂ ಮನೆ ತೊಳೆದು ಸ್ವಚ್ಛ ಮಾಡುತ್ತೇವೆ. ಆ ಹೊತ್ತಿಗೆ ಇನ್ನೇನು ಮಾಡಿಕೊಳ್ಳಬೇಕು? ಎಸಿ ಹಾಕಿಸಲೇಬೇಕೇ? ನೆಲದ ಶಹಾಬಾದ್ ಕಲ್ಲಿನ ಕಲೆ ತೆಗೆಯಲು ಆಸಿಡ್ ಬಳಸಬಹುದೇ? ತಾರಸಿಗೆ ಬಿಳಿ ಬಣ್ಣ ಹೊಡೆಸಿ ಎಂದು ಎಲ್ಲರೂ ಹೇಳುತ್ತಾರೆ, ಆದರೆ ಮನೆಯ ಮಾಲೀಕರು ಹಿಂಜರಿಯುತ್ತಿದ್ದಾರೆ.

ಉತ್ತರ: ಆಸಿಡ್ ವಿಷಯ ಮೊದಲು ಮುಗಿಸಿಬಿಡುತ್ತೇನೆ, ಏಕೆಂದರೆ ನೀವು ಈ ಉತ್ತರ ಓದಿ ಮುಗಿಸುವ ಮೊದಲೇ ಯಾರಾದರೂ ಬಾಟಲಿ ತಂದುಬಿಡಬಹುದು. ಬಳಸಬೇಡಿ. ಶಹಾಬಾದ್ ಕಲ್ಲು ಸುಣ್ಣದ ಕಲ್ಲು. ಇಲ್ಲಿಗೆ ಹತ್ತಿರದ ವಾಡಿ, ಸೇಡಂ, ಚಿತ್ತಾಪುರದ ಸುತ್ತ ಸಿಮೆಂಟ್ ಕಾರ್ಖಾನೆಗಳು ಬಂದದ್ದೇ ಈ ಸುಣ್ಣದ ಕಲ್ಲಿನ ನಿಕ್ಷೇಪಕ್ಕಾಗಿ. ಶೌಚಾಲಯ ತೊಳೆಯುವ ಆಸಿಡ್ ಬಿದ್ದರೆ ಕಲ್ಲು ನೊರೆಗಟ್ಟುತ್ತದೆ. ಕೊಳೆ ಏಳುತ್ತಿದೆ ಎಂದು ಹೆಂಗಸರು ಖುಷಿಪಡುತ್ತಾರೆ, ಆದರೆ ಅಲ್ಲಿ ಏಳುತ್ತಿರುವುದು ಕಲ್ಲಿನ ಮೈ. ಹೊಳಪು ಹೋಗಿ ಸಣ್ಣ ಸಣ್ಣ ರಂಧ್ರಗಳು ಬೀಳುತ್ತವೆ, ಮುಂದಿನ ವರ್ಷ ಅದೇ ರಂಧ್ರಗಳಲ್ಲಿ ಕೊಳೆ ಇನ್ನಷ್ಟು ಆಳವಾಗಿ ಕೂರುತ್ತದೆ. ನಿಂಬೆರಸ, ವಿನೆಗರ್ ಕೂಡ ಅದೇ ಕೆಲಸವನ್ನು ಸ್ವಲ್ಪ ನಿಧಾನವಾಗಿ ಮಾಡುತ್ತವೆ. ಬಿಸಿನೀರಿನಲ್ಲಿ ಬಟ್ಟೆ ಸೋಪಿನ ಪುಡಿ ಕರಗಿಸಿ ಸುರಿದು, ಹತ್ತು ನಿಮಿಷ ಬಿಟ್ಟು, ತೆಂಗಿನ ನಾರಿನಿಂದ ಅಥವಾ ಗಡುಸಾದ ಬ್ರಷ್ಷಿನಿಂದ ಉಜ್ಜಿ. ಎಣ್ಣೆಯ ಕಲೆಗೆ ಅಡುಗೆ ಸೋಡಾವನ್ನು ನೀರಿನಲ್ಲಿ ಕಲಸಿ ಮೆತ್ತಿ, ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ತೊಳೆಯಿರಿ. ಹೋಗದ ಕಲೆ ಇದ್ದರೆ ಇರಲಿ. ಬೇಸಿಗೆಯ ಮಧ್ಯಾಹ್ನ ಮಗುವನ್ನು ಬರಿಗಾಲಲ್ಲಿ ಬಿಡಲು, ಚಾಪೆ ಹಾಸಿ ಒರಗಲು ಆ ಕಲ್ಲಿನಂಥ ನೆಲ ಇನ್ನೊಂದಿಲ್ಲ. ಅದರ ಮೇಲಿನ ಜಮಖಾನೆ, ಪ್ಲಾಸ್ಟಿಕ್ ಹಾಸುಗಳನ್ನು ಮಾತ್ರ ಈಗಲೇ ಸುತ್ತಿ ಎತ್ತಿಡಿ.

ಇನ್ನು ಮುಖ್ಯ ವಿಷಯ. ನೀವು ಕಡಲ ತೀರದಿಂದ ಬಂದವರು ಎಂಬುದೇ ನನಗೆ ಹೆಚ್ಚು ಚಿಂತೆ ತಂದಿದೆ. ಬೇಸಿಗೆ ನಿಮಗೆ ಹೊಸದಲ್ಲ, ಆದರೆ ನಿಮಗೆ ಗೊತ್ತಿರುವುದು ಬೆವರಿಳಿಸುವ ತೇವದ ಸೆಕೆ. ಇಲ್ಲಿ ಬರುವುದು ಒಣ ಬಿಸಿಗಾಳಿಯ ಝಳ. ಸೆಕೆಗೆ ಕಿಟಕಿ ಬಾಗಿಲುಗಳನ್ನೆಲ್ಲ ತೆರೆದು ಗಾಳಿ ಆಡಲು ಬಿಡಬೇಕು. ಬೆವರು ಆರಲು ಅದೊಂದೇ ದಾರಿ. ಝಳಕ್ಕೆ ಹಾಗೆ ಮಾಡಿದರೆ ಒಲೆಯ ಬಾಯಿ ತೆರೆದು ಅದರ ಮುಂದೆ ಕೂತಂತೆ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿನ ಮಧ್ಯಾಹ್ನದ ಗಾಳಿ 40 ಡಿಗ್ರಿ ದಾಟಿರುತ್ತದೆ. ನಮ್ಮ ಮೈಯ ಶಾಖ 37. ಮೈಗಿಂತ ಬಿಸಿಯಾದ ಗಾಳಿಯನ್ನು ಮನೆಯೊಳಗೆ ಕರೆದುಕೊಳ್ಳುವುದರಿಂದ ಯಾವ ಲಾಭವೂ ಇಲ್ಲ. ಹೊರನಾಡಿನಿಂದ ಇಲ್ಲಿಗೆ ಬಂದ ಎಷ್ಟೋ ಕುಟುಂಬಗಳು ಮೊದಲ ವರ್ಷ ಹೀಗೆಯೇ ನರಳಿದ್ದನ್ನು ನೋಡಿದ್ದೇನೆ. ಮನೆಯೊಳಗೆ ಬೆಂಕಿಯಂತಿದೆ ಎಂದು ಕರೆಯುತ್ತಾರೆ. ಹೋಗಿ ನೋಡಿದರೆ ಮಧ್ಯಾಹ್ನ ಎರಡು ಗಂಟೆಗೆ ನಾಲ್ಕೂ ಕಿಟಕಿಗಳು ಹಾರುಹೊಡೆದಿರುತ್ತವೆ.

ನೂರು ಇನ್ನೂರು ರೂಪಾಯಿಗೆ ಗೋಡೆಗೆ ನೇತುಹಾಕುವ ಉಷ್ಣಮಾಪಕ ಸಿಗುತ್ತದೆ. ಎರಡು ತನ್ನಿ. ಒಂದನ್ನು ನಡುಮನೆಯಲ್ಲಿ, ಇನ್ನೊಂದನ್ನು ಹೊರಗೆ ಬಿಸಿಲು ತಾಗದ ನೆರಳಿನಲ್ಲಿ ಹಾಕಿ. ಹೊರಗಿನದು ಒಳಗಿನದಕ್ಕಿಂತ ಕಡಿಮೆ ತೋರಿಸಿದರೆ ಕಿಟಕಿ ತೆರೆಯಿರಿ, ಹೆಚ್ಚು ತೋರಿಸಿದರೆ ಮುಚ್ಚಿ. ಸಾಮಾನ್ಯವಾಗಿ ಬೆಳಿಗ್ಗೆ ಎಂಟೂವರೆ ಒಂಬತ್ತಕ್ಕೆ ಮುಚ್ಚಬೇಕಾಗುತ್ತದೆ, ಸಂಜೆ ಏಳರ ನಂತರ ತೆರೆಯಬೇಕಾಗುತ್ತದೆ. ರಾತ್ರಿಯಿಡೀ ತೆರೆದಿಡಲು ಕಿಟಕಿಗಳಿಗೆ ಸೊಳ್ಳೆ ಪರದೆ ಬೇಕು. ಆದ್ದರಿಂದ ನಿಮ್ಮ ಯುಗಾದಿ ಸ್ವಚ್ಛತೆಯಲ್ಲಿ ಮೊದಲು ಕೈಹಾಕಬೇಕಾದ ಒಳಗಿನ ಕೆಲಸ ಕಿಟಕಿಗಳದ್ದು: ಜಾಲರಿಯ ದೂಳು ತೊಳೆಯುವುದು, ಹರಿದಲ್ಲಿ ಹೊಲಿಸುವುದು, ತುಕ್ಕು ಹಿಡಿದ ಚಿಲಕಕ್ಕೆ ಎಣ್ಣೆ ಬಿಡುವುದು, ಬಾಗಿಲ ಸಂದಿಗೆ ಪಟ್ಟಿ ಅಂಟಿಸುವುದು. ದಿನಕ್ಕೆ ಎರಡು ಸಲ ತೆರೆದು ಮುಚ್ಚುವ ಕಿಟಕಿ ಬಿಗಿಯಾಗಿದ್ದರೆ ಮೂರನೆಯ ದಿನ ಯಾರೂ ಮುಟ್ಟುವುದಿಲ್ಲ.

ಹಳೆಯ ಕಲಬುರಗಿಯ ಮನೆಗಳನ್ನು ಒಮ್ಮೆ ನೋಡಿ ಬನ್ನಿ. ಎರಡು ಅಡಿ, ಕೆಲವು ಕಡೆ ಅದಕ್ಕೂ ದಪ್ಪದ ಕಲ್ಲಿನ ಗೋಡೆ, ಚಿಕ್ಕ ಕಿಟಕಿ, ಮೇಲೆ ಮಣ್ಣಿನ ಮಾಳಿಗೆ, ಅದರಲ್ಲೊಂದು ಬೆಳಕಿಂಡಿ. ಹಗಲಿನ ಕಾವು ಆ ಗೋಡೆ, ಮಾಳಿಗೆಗಳನ್ನು ದಾಟಿ ಒಳಗೆ ಬರುವಷ್ಟರಲ್ಲಿ ರಾತ್ರಿಯಾಗಿರುತ್ತಿತ್ತು, ಮನೆಯವರು ಅಷ್ಟರಲ್ಲಿ ಹಾಸಿಗೆ ಎತ್ತಿಕೊಂಡು ಮಾಳಿಗೆಯ ಮೇಲೆ ಹೋಗಿರುತ್ತಿದ್ದರು. ಕೋಟೆಯೊಳಗೆ 1367ರಲ್ಲಿ ಕಟ್ಟಿದ ಜಾಮಿ ಮಸೀದಿಗೆ ತೆರೆದ ಅಂಗಳವೇ ಇಲ್ಲ, ಅಷ್ಟೂ ಜಾಗಕ್ಕೆ ಗುಮ್ಮಟಗಳ ಛಾವಣಿ ಹೊದಿಸಿದ್ದಾರೆ. ಮೇ ತಿಂಗಳ ಮಧ್ಯಾಹ್ನ ಅದರೊಳಗೆ ಕಾಲಿಟ್ಟಾಗ ಮೈಗೆ ತಟ್ಟುವ ತಂಪು ನನಗೆ ಯಾವ ಪಠ್ಯಪುಸ್ತಕಕ್ಕಿಂತಲೂ ಹೆಚ್ಚು ಕಲಿಸಿದೆ. ನಿಮ್ಮ ತಲೆಯ ಮೇಲಿರುವುದಾದರೋ ನಾಲ್ಕೂವರೆ ಐದು ಇಂಚಿನ ಕಾಂಕ್ರೀಟ್. ಅದು ಕಾವನ್ನು ಮೂರು ನಾಲ್ಕು ಗಂಟೆ ತಡೆಯುತ್ತದೆ, ಅಷ್ಟೇ. ಮಧ್ಯಾಹ್ನ ಒಂದೂವರೆ ಎರಡರ ಬಿಸಿಲು ನಿಮ್ಮ ಕೋಣೆಯ ಸೂರಿಗೆ ತಲುಪುವುದು ಸಂಜೆ ಐದರ ಹೊತ್ತಿಗೆ. ಅಲ್ಲಿಂದ ನಡುರಾತ್ರಿಯವರೆಗೂ ಅದು ನಿಮ್ಮ ಮೇಲೆ ಕಾವು ಸುರಿಸುತ್ತಲೇ ಇರುತ್ತದೆ. ಹೊರಗೆ ತಂಪಾಗಿದ್ದರೂ ಮನೆಯೊಳಗೆ ಮಲಗಲು ಆಗುವುದಿಲ್ಲ ಎಂಬ ದೂರಿಗೆ ಕಾರಣ ಇದು. ಅದರ ಕೆಳಗೆ ತಿರುಗುವ ಫ್ಯಾನು ಸೂರಿನಡಿಯ ಬಿಸಿ ಗಾಳಿಯನ್ನೇ ಕೆಳಗೆ ತಳ್ಳುತ್ತದೆ.

ಗೋಡೆಗಳಿಗಿಂತ ತಾರಸಿಯೇ ಏಕೆ ಮುಖ್ಯ ಎನ್ನುವುದಕ್ಕೆ ಇನ್ನೊಂದು ಕಾರಣ ಆಕಾಶದಲ್ಲಿದೆ. ಕಲಬುರಗಿ 17 ಡಿಗ್ರಿ ಚಿಲ್ಲರೆ ಉತ್ತರ ಅಕ್ಷಾಂಶದಲ್ಲಿದೆ. ಮೇ 9, 10ರ ಸುಮಾರಿಗೆ ಇಲ್ಲಿ ನಡುಹಗಲ ಸೂರ್ಯ ನೆತ್ತಿಯ ಮೇಲೆ ನೇರ ನಿಲ್ಲುತ್ತಾನೆ. ಗಡಿಯಾರದಲ್ಲಿ ಹನ್ನೆರಡು ಇಪ್ಪತ್ತರ ಸುಮಾರಿಗೆ ನೆಟ್ಟ ಕಂಬಕ್ಕೂ ನೆರಳಿರುವುದಿಲ್ಲ. ಆ ದಿನಗಳಲ್ಲಿ ದಕ್ಷಿಣದ ಗೋಡೆಗೆ ಬಿಸಿಲೇ ತಾಗುವುದಿಲ್ಲ ಎನ್ನಬಹುದು. ಎಲ್ಲ ಬಿಸಿಲೂ ತಾರಸಿಗೆ, ಉಳಿದದ್ದು ಬೆಳಿಗ್ಗೆ ಪೂರ್ವಕ್ಕೆ, ಸಂಜೆ ಪಶ್ಚಿಮಕ್ಕೆ. ನೆತ್ತಿಯ ಬಿಸಿಲು ಒಂದು ಚದರ ಮೀಟರಿಗೆ ಹೆಚ್ಚುಕಡಿಮೆ ಒಂದು ಕಿಲೋವ್ಯಾಟ್ ಶಾಖ ಸುರಿಯುತ್ತದೆ, ಅಂದರೆ ಒಂದು ಇಸ್ತ್ರಿ ಪೆಟ್ಟಿಗೆಯಷ್ಟು. ಸಾವಿರ ಚದರಡಿಯ ತಾರಸಿಯ ಮೇಲೆ ತೊಂಬತ್ತು ಇಸ್ತ್ರಿ ಪೆಟ್ಟಿಗೆಗಳನ್ನು ಹಚ್ಚಿ ಸಾಲಾಗಿ ಇಟ್ಟಿದ್ದಾರೆ ಎಂದುಕೊಳ್ಳಿ. ಕೆಳಗೆ ಕೂತು ಪರದೆ ಬದಲಿಸುವುದರಲ್ಲಿ, ಫ್ಯಾನ್ ಕೊಳ್ಳುವುದರಲ್ಲಿ ಹಣ ಹಾಕುವ ಮೊದಲು ಆ ಪೆಟ್ಟಿಗೆಗಳನ್ನು ಆರಿಸಬೇಕು. ಆದ್ದರಿಂದ ಕಲಬುರಗಿಯಲ್ಲಿ ಯುಗಾದಿಯ ಸ್ವಚ್ಛತೆಯನ್ನು ತಾರಸಿಯಿಂದ ಆರಂಭಿಸಬೇಕು, ಅಡುಗೆಮನೆಯಿಂದ ಅಲ್ಲ. ನಾನು ನಿಮಗೆ ಒಂದೇ ಮಾತು ಹೇಳಬಹುದಾಗಿದ್ದರೆ ಇದನ್ನೇ ಹೇಳುತ್ತಿದ್ದೆ.

ತಾರಸಿಯಲ್ಲಿ ಏನಿರುತ್ತದೆ? ಒಡೆದ ಹೂಕುಂಡ, ಮನೆ ಕಟ್ಟಿದಾಗ ಉಳಿದ ಕಲ್ಲು, ಮುರಿದ ಕುರ್ಚಿ, ಹಳೆಯ ಹಲಗೆ. ಎಲ್ಲವನ್ನೂ ತೆಗೆಸಿ. ಎತ್ತುವಾಗ ಕೈಗೆ ದಪ್ಪ ಗವಸು, ಕಾಲಿಗೆ ಬೂಟು ಇರಲಿ, ಮಗು ಹತ್ತಿರ ಬಾರದಿರಲಿ. ಬಿಸಿಲು ಏರಿದಂತೆ ಚೇಳು ಹಾವುಗಳು ತಂಪಿನ ಸಂದಿ ಹುಡುಕಿಕೊಂಡು ಇಂಥ ರಾಶಿಗಳಡಿ ಸೇರುತ್ತವೆ. ನಮ್ಮ ಭಾಗದ ಕೆಂಪು ಚೇಳು ದೊಡ್ಡವರಿಗೆ ನೋವು ಕೊಟ್ಟು ಬಿಡಬಹುದು, ಮಕ್ಕಳಿಗೆ ಮಾತ್ರ ಪ್ರಾಣಕ್ಕೇ ಅಪಾಯ. ಕಚ್ಚಿದರೆ ಮಂತ್ರ, ಸೊಪ್ಪು ಎಂದು ಒಂದು ನಿಮಿಷವನ್ನೂ ಕಳೆಯದೆ ಆಸ್ಪತ್ರೆಗೆ ಒಯ್ಯಬೇಕು. ಮಹಾರಾಷ್ಟ್ರದ ಮಹಾಡ್‌ನಲ್ಲಿ ವೈದ್ಯರಾಗಿದ್ದ ಹಿಮ್ಮತ್‌ರಾವ್ ಬಾವಸ್ಕರ್ ಅವರು ಪ್ರಾಜೋಸಿನ್ ಎಂಬ ಸಾಮಾನ್ಯ ಮಾತ್ರೆಯಿಂದ ಇದಕ್ಕೆ ಚಿಕಿತ್ಸೆ ತೋರಿಸಿಕೊಟ್ಟ ಮೇಲೆ ಎಷ್ಟೋ ಮಕ್ಕಳು ಬದುಕಿದ್ದಾರೆ. ಬೇಗ ತಲುಪುವುದಷ್ಟೇ ನಮ್ಮ ಪಾಲಿನ ಕೆಲಸ.

ರಾಶಿ ಹೋದ ಮೇಲೆ ಗುಡಿಸಿ, ಹಾವಸೆಯ ಕರಿಗಲೆಯನ್ನು ತಂತಿ ಬ್ರಷ್ಷಿನಿಂದ ಕೆರೆದು, ತೊಳೆದು ಒಣಗಲು ಬಿಡಿ. ನೀರು ಹೋಗುವ ಕೊಳವೆಯ ಬಾಯಿಯನ್ನು ಈಗಲೇ ಬಿಡಿಸಿ. ಏಪ್ರಿಲ್ ಮೇ ತಿಂಗಳಲ್ಲಿ ಬಿರುಗಾಳಿ, ಆಲಿಕಲ್ಲಿನೊಂದಿಗೆ ಬರುವ ಮಳೆ ಒಂದೇ ಗಂಟೆಯಲ್ಲಿ ತಾರಸಿಯನ್ನು ಕೆರೆ ಮಾಡಬಲ್ಲದು. ಬಿರುಕುಗಳಿದ್ದರೆ ತುಂಬಿಸಿ. ಆಮೇಲೆ ಬಿಳುಪು.

ಬಿಳುಪಿಗೆ ಎರಡು ದಾರಿಗಳಿವೆ. ಅಂಗಡಿಯಲ್ಲಿ ಸಿಗುವ, ಬಿಸಿಲು ಹಿಂದಿರುಗಿಸುವ ಬಿಳಿ ಬಣ್ಣ ಕೆಲವು ವರ್ಷ ಬಾಳುತ್ತದೆ, ಖರ್ಚು ಹೆಚ್ಚು. ಸುಣ್ಣ ಅಗ್ಗ, ಆದರೆ ಮಳೆಗಾಲಕ್ಕೆ ತೊಳೆದುಹೋಗುತ್ತದೆ, ಪ್ರತಿ ವರ್ಷ ಬಳಿಯಬೇಕು. ಬಾಡಿಗೆದಾರರಾದ ನಿಮಗೆ ನಾನು ಸುಣ್ಣವನ್ನೇ ಹೇಳುತ್ತೇನೆ. ಬೂದು ಬಣ್ಣದ ಹಳೆಯ ಕಾಂಕ್ರೀಟ್ ತನ್ನ ಮೇಲೆ ಬಿದ್ದ ಬಿಸಿಲಿನ ಹೆಚ್ಚಿನ ಪಾಲನ್ನು ಹೀರಿಕೊಳ್ಳುತ್ತದೆ. ಹೊಸದಾಗಿ ಬಳಿದ ಬಿಳುಪು ಹೆಚ್ಚಿನ ಪಾಲನ್ನು ಆಕಾಶಕ್ಕೆ ಹಿಂದಿರುಗಿಸುತ್ತದೆ. ಇದರಿಂದ ಮೇಲಿನ ಅಂತಸ್ತಿನ ಕೋಣೆಗಳು ಎರಡರಿಂದ ಐದು ಡಿಗ್ರಿಯಷ್ಟು ತಂಪಾಗುತ್ತವೆ. ಅಹಮದಾಬಾದ್ ನಗರ ತನ್ನ ಬಡಾವಣೆಗಳಲ್ಲಿ ಇದನ್ನು ಮಾಡಿಸಿದೆ, ನಮ್ಮ ಪಕ್ಕದ ತೆಲಂಗಾಣ 2023ರಲ್ಲಿ ಇದಕ್ಕಾಗಿಯೇ ಒಂದು ನೀತಿ ತಂದಿದೆ. ಅವರದೂ ನಮ್ಮಂಥದೇ ಬಿಸಿಲು.

ಸುಣ್ಣ ತಯಾರಿಸುವಾಗ ಎಚ್ಚರ ಬೇಕು. ಸುಟ್ಟ ಸುಣ್ಣದ ಹರಳಾದರೆ ಕಬ್ಬಿಣದ ಡ್ರಮ್ಮಿನಲ್ಲಿ ನೀರು ತುಂಬಿ ಅದಕ್ಕೆ ಸುಣ್ಣವನ್ನು ಸ್ವಲ್ಪ ಸ್ವಲ್ಪವೇ ಹಾಕಬೇಕು. ಕೊತಕೊತ ಕುದಿಯುತ್ತದೆ, ಪ್ಲಾಸ್ಟಿಕ್ ಬಕೆಟ್ಟು ಕರಗಿಯೇ ಹೋಗಬಹುದು. ಕಣ್ಣಿಗೆ ಕನ್ನಡಕ ಇರಲೇಬೇಕು. ಸುಣ್ಣದ ಹನಿ ಕಣ್ಣಿಗೆ ಬಿದ್ದರೆ ಕೂಡಲೇ ಧಾರಾಳ ನೀರಿನಲ್ಲಿ ತೊಳೆದು ವೈದ್ಯರ ಬಳಿಗೆ ಓಡಬೇಕು. ಈ ತಾಪತ್ರಯ ಬೇಡವೆಂದರೆ ಅರಳಿಸಿದ ಸುಣ್ಣದ ಪುಡಿಯ ಚೀಲವೇ ಸಿಗುತ್ತದೆ. ಒಂದು ದಿನ ನೆನೆಸಿ, ಬಟ್ಟೆಯಲ್ಲಿ ಸೋಸಿ, ಹಿಡಿತಕ್ಕೆ ಅಕ್ಕಿ ಗಂಜಿಯನ್ನೋ ಬಡಗಿಗಳು ಬಳಸುವ ಬಿಳಿ ಅಂಟನ್ನೋ ಬೆರೆಸಿ. ದಪ್ಪಗೆ ಒಮ್ಮೆ ಬಳಿದದ್ದು ಹಪ್ಪಳದಂತೆ ಏಳುತ್ತದೆ. ಕಡೆದ ಮಜ್ಜಿಗೆಯಷ್ಟು ತೆಳ್ಳಗಿರಲಿ, ಎರಡು ಮೂರು ಸಲ ಬಳಿಯಿರಿ. ತಾರಸಿಯನ್ನು ಮೊದಲು ಒದ್ದೆ ಮಾಡಿಕೊಂಡು ಸಂಜೆ ಬಳಿಯುವುದು ಒಳ್ಳೆಯದು. ಮಧ್ಯಾಹ್ನದ ಬಿಸಿಲಿನಲ್ಲಿ ಬಳಿದರೆ ನೀರು ಕೂಡಲೇ ಆರಿ ಬರಿಯ ಪುಡಿ ಉಳಿಯುತ್ತದೆ. ಆ ಮೇಲೆ ವಾರಕ್ಕೊಮ್ಮೆ ತಾರಸಿ ಗುಡಿಸುವುದನ್ನು ಬಿಡಬೇಡಿ. ಇಲ್ಲಿನ ದೂಳು ಹದಿನೈದು ದಿನಕ್ಕೆ ಬಿಳುಪನ್ನು ಮಬ್ಬಾಗಿಸುತ್ತದೆ, ಮಬ್ಬಾದಷ್ಟೂ ಲಾಭ ಕಡಿಮೆ.

ಸಂಜೆ ತಾರಸಿಗೆ ನೀರು ಚಿಮುಕಿಸುವ ರೂಢಿಯ ಬಗ್ಗೆ ನೀವು ಕೇಳಿರಬಹುದು. ಲೆಕ್ಕ ಸರಿಯಾಗಿಯೇ ಇದೆ: ಒಂದು ಲೀಟರ್ ನೀರು ಆರುವಾಗ ಮೂರನೇ ಎರಡು ಯೂನಿಟ್ ವಿದ್ಯುತ್ತಿನಷ್ಟು ಶಾಖವನ್ನು ಒಯ್ಯುತ್ತದೆ. ಆದರೆ ತಂಪು ಕೊಡುವುದು ಆರಿದ ನೀರು, ಹರಿದುಹೋದ ನೀರಲ್ಲ. ಹೊತ್ತು ಮುಳುಗುವಾಗ ಎರಡು ಬಕೆಟ್ ಚಿಮುಕಿಸಿದರೆ ಸಾಕು. ಇಡೀ ಊರು ಕೊಡಪಾನ ಹಿಡಿದು ಕಾಯುವ ತಿಂಗಳಲ್ಲಿ ಪೈಪು ಹಿಡಿದು ತಾರಸಿ ತೊಳೆಯುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ನೀರಿನ ಮಾತು ಬಂದದ್ದರಿಂದ ಹೇಳುತ್ತೇನೆ, ತೊಟ್ಟಿ ತೊಳೆಯುವ ಕೆಲಸವನ್ನು ಮಾರ್ಚ್ ಮುಗಿಯುವುದರೊಳಗೆ ಮಾಡಿಬಿಡಿ. ಮೇ ತಿಂಗಳಲ್ಲಿ ತೊಟ್ಟಿ ಖಾಲಿ ಮಾಡುವ ಧೈರ್ಯ ಯಾರಿಗೂ ಇರುವುದಿಲ್ಲ. ನೆಲದಡಿಯ ನೀರಿನ ಸಂಪಿನೊಳಕ್ಕೆ ಒಬ್ಬರೇ ಇಳಿಯಬಾರದು. ಮುಚ್ಚಳ ತೆರೆದು ಸಾಕಷ್ಟು ಹೊತ್ತು ಗಾಳಿಯಾಡಲು ಬಿಟ್ಟು, ಮೋಟಾರಿನ ಸ್ವಿಚ್ ಆರಿಸಿ, ಮೇಲೆ ಇನ್ನೊಬ್ಬರು ನಿಂತಿರುವಾಗಲೇ ಇಳಿಯಬೇಕು. ತೊಳೆದು ತುಂಬಿದ ನೀರಿಗೆ ಸಾವಿರ ಲೀಟರಿಗೆ ಎರಡೂವರೆ ಗ್ರಾಂ, ಅಂದರೆ ಸುಮಾರು ಅರ್ಧ ಚಹಾ ಚಮಚ, ಒಳ್ಳೆಯ ಬ್ಲೀಚಿಂಗ್ ಪುಡಿಯನ್ನು ಬಕೆಟ್ಟಿನಲ್ಲಿ ಕರಗಿಸಿ, ತಿಳಿಯನ್ನಷ್ಟೇ ಬೆರೆಸಿ ಒಂದು ಗಂಟೆ ಬಿಡಿ. ತಾರಸಿಯ ಕಪ್ಪು ತೊಟ್ಟಿಗೆ ಗೋಣಿಚೀಲ ಸುತ್ತಿ ಅಥವಾ ನೆರಳು ಮಾಡಿ; ಇಲ್ಲದಿದ್ದರೆ ಮಧ್ಯಾಹ್ನ ನಲ್ಲಿ ತಿರುಗಿಸಿದಾಗ ಮಗುವಿನ ಕೈ ಸುಡುವಷ್ಟು ಬಿಸಿ ನೀರು ಬರುತ್ತದೆ.

ಈಗ ಎಸಿ ಪ್ರಶ್ನೆ. ನನ್ನ ಅಭಿಪ್ರಾಯದಲ್ಲಿ ಕಲಬುರಗಿಗೆ ಮೊದಲು ಕೂಲರ್. ನಿಮ್ಮೂರಿನಲ್ಲಿ ಕೂಲರ್ ನಿಷ್ಪ್ರಯೋಜಕ ಎಂದು ನೀವು ಕಂಡಿರುತ್ತೀರಿ, ಅದು ನಿಜವೂ ಹೌದು. ಅಲ್ಲಿನ ಗಾಳಿ ಆಗಲೇ ನೀರು ಕುಡಿದು ತುಂಬಿರುತ್ತದೆ. ಇಲ್ಲಿ ಹಾಗಲ್ಲ. 40 ಡಿಗ್ರಿ ಕಾವು, 20 ಶೇಕಡಾ ತೇವ ಇರುವ ಮಧ್ಯಾಹ್ನ ಒಳ್ಳೆಯ ಕೂಲರ್ 26, 27 ಡಿಗ್ರಿಯ ಗಾಳಿ ಕೊಡಬಲ್ಲದು. ಆದರೆ ಅದನ್ನು ಕೋಣೆಯ ನಡುವೆ ಇಟ್ಟು ಬಾಗಿಲು ಹಾಕಿಕೊಂಡರೆ ಅರ್ಧ ಗಂಟೆಯಲ್ಲಿ ಕೋಣೆ ನಿಮ್ಮ ಮಂಗಳೂರಾಗುತ್ತದೆ. ಕಿಟಕಿಯ ಹೊರಗೆ ಇಟ್ಟು ಹೊರಗಿನ ಒಣ ಗಾಳಿಯನ್ನು ಎಳೆಸಿ, ಎದುರಿನ ಕಿಟಕಿಯನ್ನು ಒಂದು ಗೇಣು ತೆರೆದಿಡಿ. ಹಗಲು ಕಿಟಕಿ ಮುಚ್ಚಿ ಎಂದು ಹೇಳಿದೆನಲ್ಲ, ಅದಕ್ಕೆ ಇದೊಂದೇ ಹೊರತು.

ಹಳೆಯ ಕೂಲರ್ ಇದ್ದರೆ ಹುಲ್ಲಿನ ಪ್ಯಾಡುಗಳನ್ನು ಪ್ರತಿ ವರ್ಷ ಬದಲಿಸಿ. ಜೇನುಗೂಡಿನಂಥ ಪ್ಯಾಡಾದರೆ ಕೊಳವೆಬಾವಿಯ ಗಡಸು ನೀರಿನಿಂದ ಬಿಳಿ ಹೆಪ್ಪು ಕಟ್ಟಿರುತ್ತದೆ. ನಿಂಬೆ ಉಪ್ಪನ್ನು (ಸಿಟ್ರಿಕ್ ಆಸಿಡ್) ನೀರಿನಲ್ಲಿ ಕರಗಿಸಿ ಅದರಲ್ಲಿ ನೆನೆಸಿ ತೊಳೆಯಿರಿ. ಆ ಕೆಲಸ ಬಚ್ಚಲಿನಲ್ಲಿ ಆಗಲಿ, ಶಹಾಬಾದ್ ಕಲ್ಲಿನ ಮೇಲೆ ಬೇಡ. ಬೇಸಿಗೆ ಪೂರ್ತಿ ವಾರಕ್ಕೊಮ್ಮೆಯಾದರೂ ಕೂಲರಿನ ತೊಟ್ಟಿಯ ನೀರು ಚೆಲ್ಲಿ, ಒಳಬದಿಯನ್ನು ಉಜ್ಜಿ ತೊಳೆಯಬೇಕು. ಬರಿಯ ಚೆಲ್ಲಿದರೆ ಸಾಲದು. ಡೆಂಗಿ ಹರಡುವ ಈಡಿಸ್ ಸೊಳ್ಳೆಯ ಮೊಟ್ಟೆ ತೊಟ್ಟಿಯ ಗೋಡೆಗೆ ಅಂಟಿಕೊಂಡಿರುತ್ತದೆ, ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿದ್ದು ನೀರು ಬಿದ್ದ ಕೂಡಲೇ ಒಡೆಯುತ್ತದೆ.

ಕೂಲರಿನ ವಿದ್ಯುತ್ತಿನ ವಿಷಯದಲ್ಲಿ ನಾನು ಕೈಮುಗಿದು ಹೇಳುತ್ತೇನೆ. ನೀರು, ಕಬ್ಬಿಣದ ಪೆಟ್ಟಿಗೆ, ಒದ್ದೆ ನೆಲ, ಬರಿಗಾಲು, ನಾಲ್ಕೂ ಒಂದೇ ಕಡೆ ಸೇರುವ ಸಾಧನ ಮನೆಯಲ್ಲಿ ಇದೊಂದೇ. ನಾನಿರುವ ಬಡಾವಣೆಯಲ್ಲಿ ಕೆಲವು ವರ್ಷಗಳ ಹಿಂದೆ ಹೈಸ್ಕೂಲು ಓದುತ್ತಿದ್ದ ಹುಡುಗನೊಬ್ಬ ನಡೆಯುತ್ತಿದ್ದ ಕೂಲರಿಗೆ ನೀರು ಹಾಕಲು ಹೋದವನು ಉಳಿಯಲಿಲ್ಲ. ಮೂರು ಪಿನ್ನಿನ ಪ್ಲಗ್ಗಿನ ಭೂಸಂಪರ್ಕದ ತಂತಿಯನ್ನು ಯಾರೋ ಕತ್ತರಿಸಿ ಎರಡು ಪಿನ್ನಿನದು ಮಾಡಿದ್ದರು. ಪರವಾನಗಿ ಇರುವ ವಿದ್ಯುತ್ ಕೆಲಸಗಾರರಿಂದ ಅರ್ಥಿಂಗ್ ಪರೀಕ್ಷೆ ಮಾಡಿಸಿ. ಮೀಟರಿನ ಪಕ್ಕದ ಫಲಕದಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಎಂಬ ವಿದ್ಯುತ್ ಸೋರಿಕೆ ತಡೆಯುವ ಸ್ವಿಚ್ ಇದೆಯೇ ಕೇಳಿ, ಇಲ್ಲದಿದ್ದರೆ ಹಾಕಿಸಿ. ಸೋರಿಕೆಯಾದ ಕ್ಷಣವೇ ಅದು ವಿದ್ಯುತ್ತನ್ನು ಕಡಿಯುತ್ತದೆ. ನೀರು ಹಾಕುವ ಮೊದಲು ಪ್ಲಗ್ ಕೀಳುವುದನ್ನು ಮನೆಯ ಎಲ್ಲರಿಗೂ ಅಭ್ಯಾಸ ಮಾಡಿಸಿ. ಎಸಿಗಿಂತ ಮೊದಲು ಹಣ ಇಲ್ಲಿಗೆ ಹೋಗಲಿ.

ಇಷ್ಟಾದ ಮೇಲೂ ಅತ್ತೆಯವರ ಆರೋಗ್ಯ ಸೂಕ್ಷ್ಮವಾಗಿದ್ದರೆ, ಹೃದಯದ ಅಥವಾ ಉಸಿರಾಟದ ತೊಂದರೆ ಇದ್ದರೆ, ಒಂದೇ ಕೋಣೆಗೆ ಎಸಿ ಹಾಕಿಸಿ. ತಾರಸಿ ಬಿಳಿಯಾಗಿದ್ದರೆ ಅದು ಕಡಿಮೆ ದುಡಿಯುತ್ತದೆ. 26 ಡಿಗ್ರಿಗೆ ಇಟ್ಟು ಮೇಲೆ ಫ್ಯಾನ್ ನಿಧಾನವಾಗಿ ತಿರುಗಿಸಿದರೆ ಸಾಕು. ಜಾಲರಿಯನ್ನು ಹದಿನೈದು ದಿನಕ್ಕೊಮ್ಮೆ ತೊಳೆಯಿರಿ.

ಅತ್ತೆಯವರು ಹಗಲು ಎಲ್ಲಿ ಮಲಗುತ್ತಾರೆ ಎಂಬುದನ್ನೂ ನೋಡಿ. ಪಶ್ಚಿಮದ ಕೋಣೆಯಾಗಿದ್ದರೆ ಈ ಮೂರು ತಿಂಗಳು ಮಂಚವನ್ನು ಉತ್ತರದ ಅಥವಾ ಪೂರ್ವದ ಕೋಣೆಗೆ ಸಾಗಿಸಿ. ಪಶ್ಚಿಮದ ಕಿಟಕಿಗೆ ನೆರಳು ಹೊರಗಡೆಯಿಂದ ಬೇಕು. ಗಾಜನ್ನು ದಾಟಿ ಬಂದ ಬಿಸಿಲನ್ನು ಒಳಗಿನ ಪರದೆ ತಡೆದರೂ ಕಾವು ಆಗಲೇ ಕೋಣೆಯೊಳಗೆ ಬಂದಾಗಿರುತ್ತದೆ. ಬಿದಿರಿನ ತಟ್ಟಿ, ಲಾವಂಚದ ಚಾಪೆ, ಏನೂ ಇಲ್ಲದಿದ್ದರೆ ಹಳೆಯ ದಪ್ಪ ಹಾಸಿಗೆ ಹೊದಿಕೆಯನ್ನಾದರೂ ಹೊರಗೆ ಕಟ್ಟಿ. ಲಾವಂಚಕ್ಕೆ ಮಧ್ಯಾಹ್ನ ನಾಲ್ಕು ಸಲ ನೀರು ಚಿಮುಕಿಸಿದರೆ ಅದರ ಕಂಪು ಮನೆ ತುಂಬುತ್ತದೆ. ವಯಸ್ಸಾದವರಿಗೆ ಬಾಯಾರಿಕೆ ತಡವಾಗಿ ತಿಳಿಯುತ್ತದೆ, ಆದ್ದರಿಂದ ಕೇಳಿದಾಗ ಕೊಡುವುದಲ್ಲ, ಗಂಟೆ ನೋಡಿ ಮಜ್ಜಿಗೆ, ನೀರು ಕೊಡಿ. ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಎಷ್ಟು ನೀರು, ಎಷ್ಟು ಮಾತ್ರೆ ಎಂದು ಬೇಸಿಗೆಗೆ ಮುನ್ನವೇ ವೈದ್ಯರನ್ನು ಕೇಳಿಡಿ. ಕೋಣೆಯೇ 40 ಡಿಗ್ರಿ ದಾಟಿದ್ದರೆ ಬರಿಯ ಫ್ಯಾನ್ ಮೈಗೆ ಬಿಸಿಯನ್ನೇ ಬೀಸುತ್ತದೆ. ಒದ್ದೆ ಬಟ್ಟೆ ಹೊದಿಸಿ. ಮಾತು ತೊದಲಿದರೆ, ಗೊಂದಲಗೊಂಡರೆ, ಮೈ ಕಾದಿದ್ದರೆ ಮೈಮೇಲೆ ನೀರು ಹಾಕುತ್ತಲೇ 108ಕ್ಕೆ ಕರೆ ಮಾಡಿ.

ಒಳಗಿನ ಉಳಿದ ಸ್ವಚ್ಛತೆ ನಿಮಗೆ ಗೊತ್ತಿರುವುದೇ. ಕೌದಿ, ಉಣ್ಣೆ ಬಟ್ಟೆಗಳನ್ನು ಒಗೆದು, ಎರಡು ದಿನ ಬಿಸಿಲಿಗೆ ಹಾಕಿ, ಒಣಗಿದ ಬೇವಿನೆಲೆಯೊಡನೆ ಕಟ್ಟಿಡಿ. ನುಸಿಗುಳಿಗೆಯನ್ನು ಮಗು ಪೆಪ್ಪರಮಿಂಟ್ ಎಂದುಕೊಂಡೀತು, ಬೇಡ. ಫ್ರಿಜ್ಜಿನ ಹಿಂದಿನ ದೂಳು ತೆಗೆದು ಗೋಡೆಯಿಂದ ಒಂದು ಗೇಣು ಮುಂದೆ ಎಳೆಯಿರಿ. ಫ್ಯಾನಿನ ರೆಕ್ಕೆಗೆ ಹಳೆಯ ದಿಂಬಿನ ಚೀಲ ತೊಡಿಸಿ ಒರೆಸಿದರೆ ದೂಳು ಹಾಸಿಗೆಗೆ ಬೀಳುವುದಿಲ್ಲ. ಒರೆಸಿದ ಮೇಲೂ ಫ್ಯಾನ್ ನಿಧಾನವಾಗಿದ್ದರೆ ಹೊಸದು ಕೊಳ್ಳಬೇಡಿ, ಬಹಳ ಸಲ ಕೆಟ್ಟಿರುವುದು ಅದರ ಕಂಡೆನ್ಸರ್. ಸಣ್ಣ ಮೊತ್ತದಲ್ಲಿ ಬದಲಿಸಿಕೊಡುತ್ತಾರೆ. ಇನ್ವರ್ಟರ್ ಬ್ಯಾಟರಿಯ ನೀರು ಬೇಸಿಗೆಯಲ್ಲಿ ಬೇಗ ಇಳಿಯುತ್ತದೆ, ತಿಂಗಳಿಗೊಮ್ಮೆ ನೋಡಿ ಡಿಸ್ಟಿಲ್ಡ್ ನೀರನ್ನೇ ಹಾಕಿಸಿ. ಕುಡಿಯುವ ನೀರಿಗೆ ಮಣ್ಣಿನ ಗಡಿಗೆ ತಂದು ಒಂದು ದಿನ ನೆನೆಸಿ, ಒದ್ದೆ ಮರಳಿನ ಮೇಲೆ ಗಾಳಿಯಾಡುವ ಕಡೆ ಇಡಿ. ಸೋಪು ಹಾಕಿ ತೊಳೆಯಬೇಡಿ, ಮಣ್ಣು ಸೋಪನ್ನು ಕುಡಿದುಬಿಡುತ್ತದೆ. ಅಡುಗೆ ಬೆಳಿಗ್ಗೆ ಒಂಬತ್ತರೊಳಗೆ ಮುಗಿಯಲಿ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ವೇಳೆಯೂ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಾಗುತ್ತದೆ. ನಿಮ್ಮದು ಸರ್ಕಾರಿ ನೌಕರಿಯಾದರೆ ಮನೆಯ ದಿನಚರಿಯನ್ನೂ ಅದಕ್ಕೆ ತಕ್ಕಂತೆ ಹೊಂದಿಸಿಕೊಳ್ಳುವುದು ಸುಲಭ.

ಕೊನೆಯದು ಮಾಲೀಕರ ವಿಷಯ. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೋಗುತ್ತದೆ, ಅಲ್ಲಿಂದ ಯುಗಾದಿಗೆ ಒಂದು ತಿಂಗಳು. ಮಾತುಕತೆ, ಬಿರುಕು ತುಂಬುವುದು, ಬಳಿಯುವುದು ಎಲ್ಲ ಆ ತಿಂಗಳಲ್ಲಿ ಆಗಬೇಕು. ಅವರ ಹಿಂಜರಿಕೆಗೆ ಸಾಮಾನ್ಯವಾಗಿ ಎರಡು ಕಾರಣಗಳಿರುತ್ತವೆ, ಖರ್ಚು ಮತ್ತು ತಾರಸಿ ಕೆಟ್ಟೀತೆಂಬ ಅಂಜಿಕೆ. ಸುಣ್ಣ ಕಾಂಕ್ರೀಟಿಗೆ ಕೇಡು ಮಾಡುವುದಿಲ್ಲ, ಮಳೆಗೆ ತಾನಾಗಿ ಹೋಗುತ್ತದೆ ಎಂದು ಹೇಳಿ. ತಾರಸಿ ಸ್ವಚ್ಛವಾಗಿ, ಬಿರುಕು ಮುಚ್ಚಿ, ಕೊಳವೆ ಬಿಡಿಸಿದರೆ ಜೂನ್‌ನಲ್ಲಿ ಸೋರಿಕೆ ತಪ್ಪುವುದು ಅವರಿಗೇ ಲಾಭ ಎಂಬುದನ್ನೂ ಹೇಳಿ. ಸುಣ್ಣದ ಖರ್ಚು ನಿಮ್ಮದು, ಬಿರುಕಿನ ದುರಸ್ತಿ ಅವರದು ಎಂದರೆ ಹೆಚ್ಚಿನವರು ಒಪ್ಪುತ್ತಾರೆ. ಮಳೆನೀರು ಸಂಗ್ರಹ ಇದ್ದರೆ ಮೊದಲ ಒಂದೆರಡು ಮಳೆಯ ನೀರನ್ನು ಹೊರಗೆ ಬಿಡಬೇಕು, ಅದನ್ನೂ ಮೊದಲೇ ತಿಳಿಸಿಬಿಡಿ. ಅಷ್ಟಕ್ಕೂ ಒಪ್ಪದಿದ್ದರೆ ನೀವು ಮಲಗುವ ಕೋಣೆಯ ಮೇಲ್ಭಾಗಕ್ಕೆ ಮಾತ್ರ ನರ್ಸರಿಗಳಲ್ಲಿ ಬಳಸುವ ನೆರಳು ಬಲೆ ಕಟ್ಟಿಸಿ. ತಾರಸಿಯಿಂದ ಮೂರು ನಾಲ್ಕು ಅಡಿ ಎತ್ತರದಲ್ಲಿರಲಿ, ನಡುವೆ ಗಾಳಿ ಹಾಯಬೇಕು. ಮೂಲೆಗಳನ್ನು ತೆಳು ದಾರದಲ್ಲಿ ಕಟ್ಟಿಸಬೇಡಿ, ಮೇ ತಿಂಗಳ ಮೊದಲ ಬಿರುಗಾಳಿಗೇ ಅದು ಪಕ್ಕದ ಮನೆಯ ವಿದ್ಯುತ್ ತಂತಿಯ ಮೇಲೆ ಬಿದ್ದಿರುತ್ತದೆ.